ಗಂಡು ನಾಯಿಯೋ ಹೆಣ್ಣು ನಾಯಿಯೋ? ಮೊದಲು ಮನೆಯ ಗೇಟು ನೋಡಿ

ಹೋದ ವರ್ಷ ಧಾರವಾಡದಲ್ಲಿ ನಮ್ಮ ಓಣಿಯ ಒಬ್ಬರ ಹಿತ್ತಲಲ್ಲಿ ಊರ ನಾಯಿಯೊಂದು ಏಳು ಮರಿ ಹಾಕಿತ್ತು. ಮೂರು ಗಂಡು, ನಾಲ್ಕು ಹೆಣ್ಣು. ಎರಡು ತಿಂಗಳು ತುಂಬುತ್ತಲೇ ಮರಿ ಬೇಕಾದವರು ಬನ್ನಿ ಅಂತ ಪರಿಚಯದವರಿಗೆಲ್ಲ ಹೇಳಿದೆವು. ಬಂದವರು ಮರಿಯನ್ನು ಎತ್ತಿ ಮುದ್ದು ಮಾಡುವ ಮುಂಚೆ ಹೊಟ್ಟೆ ಮೇಲೆ ಮಾಡಿ ನೋಡುತ್ತಿದ್ದರು. "ಹೆಣ್ಣ ಐತ್ರಿ ಇದು, ಬ್ಯಾಡ" ಅಂತ ಕೆಳಗೆ ಬಿಡುತ್ತಿದ್ದರು. ಒಂದೇ ವಾರದಲ್ಲಿ ಮೂರೂ ಗಂಡು ಮರಿ ಹೋದವು. ನಾಲ್ಕು ಹೆಣ್ಣು ಮರಿ ಹಾಗೇ ಗೋಣಿಚೀಲದ ಮೇಲೆ ಒಂದಕ್ಕೊಂದು ಅಂಟಿಕೊಂಡು ಮಲಗಿದ್ದವು.

ಹುಬ್ಬಳ್ಳಿ, ಗದಗ, ಹಾವೇರಿ, ಎಲ್ಲಿ ಕೇಳಿದರೂ ಇದೇ ಮಾತು. ಗಂಡು ನಾಯಿ ಅಂದರೆ ರಗಳೆ ಇಲ್ಲ, ಮರಿ ಹಾಕುವುದಿಲ್ಲ, ಕಾವಲಿಗೆ ಗಟ್ಟಿ. ಹೆಣ್ಣು ಅಂದರೆ ವರ್ಷಕ್ಕೆರಡು ಸಲ ತಾಪತ್ರಯ. ಹನ್ನೊಂದು ವರ್ಷದ ಹಿಂದೆ ನಾನೂ ಇದನ್ನೇ ನಂಬಿ ಗಂಡು ಮರಿ ತಂದೆ. ಹೆಸರು ಭೀಮ. ಲ್ಯಾಬ್ರಡಾರ್ ಮತ್ತು ಊರ ನಾಯಿಯ ಮಿಶ್ರ. ಇದನ್ನು ಬರೆಯುವಾಗಲೂ ಮೇಜಿನ ಕೆಳಗೆ ನನ್ನ ಕಾಲಿಗೆ ಬೆನ್ನು ಹಚ್ಚಿ ಮಲಗಿದ್ದಾನೆ. ಅವನನ್ನು ತಂದದ್ದಕ್ಕೆ ಒಂದು ದಿನವೂ ಬೇಸರ ಪಟ್ಟಿಲ್ಲ. ಆದರೆ "ಗಂಡಿಗೆ ರಗಳೆ ಇಲ್ಲ" ಎನ್ನುವ ಮಾತು ಅರ್ಧ ಮಾತ್ರ ನಿಜ. ರಗಳೆ ಇದೆ, ಅದು ಬೇರೆ ಥರದ್ದು. ಯಾವುದನ್ನು ನಿಮ್ಮ ಮನೆ ತಾಳಿಕೊಳ್ಳುತ್ತದೆ ಅಂತ ನೋಡಿ ಆರಿಸಬೇಕು.

ಆಯ್ಕೆ ಎರಡಲ್ಲ, ನಾಲ್ಕು

ಗಂಡೋ ಹೆಣ್ಣೋ ಅಂತ ಅಷ್ಟೇ ಕೇಳಿದರೆ ಪ್ರಶ್ನೆ ಪೂರ್ತಿ ಆಗುವುದಿಲ್ಲ. ಮರಿ ಆಗದ ಹಾಗೆ ಸಂತಾನಹರಣದ ಆಪರೇಷನ್ ಮಾಡಿಸುತ್ತೀರೋ ಇಲ್ಲವೋ ಎನ್ನುವುದೂ ಅದರ ಜೊತೆಗೇ ಬರಬೇಕು. ಆಪರೇಷನ್ ಆದ ಗಂಡು, ಆಗದ ಗಂಡು, ಆದ ಹೆಣ್ಣು, ಆಗದ ಹೆಣ್ಣು. ಹೀಗೆ ನಾಲ್ಕು. ಆಪರೇಷನ್ ಆದ ಗಂಡಿಗೂ ಆದ ಹೆಣ್ಣಿಗೂ ದಿನದ ಸಾಕಣೆಯಲ್ಲಿ ಇರುವ ಅಂತರ ಬಹಳ ಕಡಿಮೆ. ಆಗದ ಗಂಡಿಗೂ ಆದ ಗಂಡಿಗೂ ಇರುವ ಅಂತರ ಜಾಸ್ತಿ. ನಮ್ಮ ಜನ ಹೆದರುವುದು ಆಪರೇಷನ್ ಆಗದ ಹೆಣ್ಣಿಗೆ. ಆ ಹೆದರಿಕೆಯಿಂದ ಮನೆಗೆ ತರುವುದು ಆಪರೇಷನ್ ಆಗದ ಗಂಡನ್ನು. ಒಂದು ತೊಂದರೆ ತಪ್ಪಿಸಿಕೊಳ್ಳಲು ಹೋಗಿ ಇನ್ನೊಂದನ್ನು ಕರೆದುಕೊಂಡು ಬರುತ್ತಾರೆ.

ಮರಿ ಹುಟ್ಟಬೇಕಾದರೆ ಎರಡು ನಾಯಿ ಬೇಕು, ಅಲ್ವಾ? ನಿಮ್ಮ ಗಂಡು ನಾಯಿ ರಾತ್ರಿ ಹೊರಗೆ ಹೋಗಿ ಬಂದರೆ ಮರಿ ಹುಟ್ಟುವುದು ನಿಮ್ಮ ಮನೆಯಲ್ಲಿ ಅಲ್ಲ ಅಷ್ಟೇ. ಯಾರದೋ ಹಿತ್ತಲಲ್ಲಿ, ಇಲ್ಲವೇ ಗಟಾರದ ಪಕ್ಕ ಹುಟ್ಟುತ್ತವೆ. ನಮ್ಮ ಓಣಿಯ ಆ ಏಳು ಮರಿಗಳಿಗೂ ಎಲ್ಲೋ ಒಬ್ಬ ತಂದೆ ಇದ್ದಾನೆ. ಅವನ ಕೊರಳಲ್ಲಿ ಒಳ್ಳೆ ಚರ್ಮದ ಪಟ್ಟಿ ಇದ್ದರೂ ಇರಬಹುದು.

ಆಪರೇಷನ್ ಆಗದ ಗಂಡು: ಭೀಮನ ಮೊದಲ ಎರಡು ವರ್ಷ

ಎಂಟು ತಿಂಗಳ ತನಕ ಭೀಮ ಹೆಣ್ಣು ಮರಿಯ ಹಾಗೆ ಕುಳಿತೇ ಉಚ್ಚೆ ಹೊಯ್ಯುತ್ತಿದ್ದ. ಒಂದು ಮುಂಜಾನೆ ಅಂಗಳಕ್ಕೆ ಬಿಟ್ಟೆ. ಸೀದಾ ತುಳಸಿಕಟ್ಟೆಗೆ ಹೋಗಿ ಕಾಲೆತ್ತಿದ. ಅವ್ವ ಕೈಯಲ್ಲಿ ನೀರಿನ ತಂಬಿಗೆ ಹಿಡಿದು ಅಲ್ಲೇ ನಿಂತಿದ್ದಳು. ಆ ದಿನ ಕಟ್ಟೆಯನ್ನು ಮೂರು ಸಲ ತೊಳೆದಳು. ಮರುದಿನ ಅವನು ಮತ್ತೆ ಅಲ್ಲಿಗೇ ಹೋದ.

ಗಂಡು ಮರಿಗಳು ಸಾಮಾನ್ಯವಾಗಿ 6ರಿಂದ 12 ತಿಂಗಳ ನಡುವೆ ಕಾಲೆತ್ತಲು ಶುರು ಮಾಡುತ್ತವೆ. ಮೂತ್ರಚೀಲ ಖಾಲಿ ಮಾಡಿಕೊಳ್ಳಲು ಹೊಯ್ಯುವುದು ಬೇರೆ, ಈ ಗುರುತು ಹಾಕುವುದು ಬೇರೆ. ಇಲ್ಲಿ ನಾನಿದ್ದೇನೆ ಅಂತ ಬೇರೆ ನಾಯಿಗಳಿಗೆ ವಾಸನೆಯಲ್ಲಿ ತಿಳಿಸುವುದು ಅದು. ಅದಕ್ಕೇ ನಾಲ್ಕು ಹನಿ ಇಲ್ಲಿ, ನಾಲ್ಕು ಹನಿ ಅಲ್ಲಿ. ಸ್ಕೂಟರಿನ ಗಾಲಿ, ಗ್ಯಾಸ್ ಸಿಲಿಂಡರ್, ಮಾಮಾ ಊರಿಂದ ತಂದು ಪಡಸಾಲೆಯಲ್ಲಿಟ್ಟ ಜೋಳದ ಚೀಲ, ಎಲ್ಲಕ್ಕೂ ಆಯಿತು. ಹೊಡೆದರೆ ಈ ಚಟ ಹೋಗುವುದಿಲ್ಲ. ಕಣ್ಣಿಗೆ ಬೀಳದ ಹಾಗೆ ಕದ್ದು ಹೊಯ್ಯುವುದನ್ನು ಕಲಿಯುತ್ತದೆ ಅಷ್ಟೇ. ಬರೀ ನೀರಿನಲ್ಲಿ ಒರೆಸಿದರೂ ಆಗದು, ವಾಸನೆ ಉಳಿದರೆ ಅದೇ ಜಾಗಕ್ಕೆ ತಿರುಗಿ ಬರುತ್ತದೆ. ವಾಸನೆ ಪೂರ್ತಿ ಹೋಗುವ ತನಕ ಸೋಪಿನ ನೀರಿನಲ್ಲಿ ತಿಕ್ಕಬೇಕು. ಹೊರಗೆ ಹೊಯ್ದಾಗ ಬೆನ್ನು ತಟ್ಟಬೇಕು.

ಇದು ಸಣ್ಣ ರಗಳೆ. ದೊಡ್ಡದು ಎರಡನೇ ವರ್ಷ ಮಳೆಗಾಲ ಮುಗಿದ ಮೇಲೆ ಬಂತು.

ಮಳೆ ನಿಂತು ದೀಪಾವಳಿ ಹತ್ತಿರ ಬಂದಾಗ ನಮ್ಮ ಊರುಗಳ ಬೀದಿಯಲ್ಲಿ ನಾಯಿಗಳ ಗುಂಪು ಓಡಾಡುವುದನ್ನು ನೀವು ನೋಡಿರುತ್ತೀರಿ. ಒಂದು ಹೆಣ್ಣು ಬೆದೆಗೆ ಬಂದರೆ ಹಿಂದೆ ಐದಾರು ಗಂಡು. ಆ ವರ್ಷ ಎರಡು ಓಣಿ ಆಚೆ ಒಂದು ಹೆಣ್ಣು ನಾಯಿ ಬೆದೆಗೆ ಬಂದಿತ್ತು. ನಮಗೆ ಗೊತ್ತಿರಲಿಲ್ಲ, ಭೀಮನಿಗೆ ಗೊತ್ತಾಗಿತ್ತು. ಎರಡು ದಿನ ಅನ್ನ ಮುಟ್ಟಲಿಲ್ಲ. ರಾತ್ರಿಯೆಲ್ಲ ಕುಂಯ್ ಅನ್ನುತ್ತಿದ್ದ. ಗೇಟಿನ ಕೆಳಗಿನ ಮಣ್ಣು ಕೆದರಿ ಗುಂಡಿ ಮಾಡಿದ್ದ. ಮೂರನೇ ದಿನ ಸಂಜೆ ಸ್ಕೂಟರ್ ಒಳಗೆ ತರಲು ನಾನು ಗೇಟು ತೆರೆದೆ. ನನ್ನ ಕಾಲ ಪಕ್ಕದಿಂದ ನುಸುಳಿ ಓಡಿದ. ಕೂಗಿದರೆ ತಿರುಗಿ ನೋಡಲೂ ಇಲ್ಲ. ಊಟದ ತಟ್ಟೆಯ ಸದ್ದಿಗೆ ಹಾರಿ ಬರುವ ನಾಯಿ ಅದು.

ಮೂರು ದಿನ ಹುಡುಕಿದೆವು. ಸಪ್ತಾಪುರ, ಮಾಳಮಡ್ಡಿ, ವಿಶ್ವವಿದ್ಯಾಲಯದ ಗುಡ್ಡ, ಎಲ್ಲ ಕಡೆ ಕೇಳಿದೆವು. ನನಗೆ ಹೆಚ್ಚು ಹೆದರಿಕೆ ಇದ್ದದ್ದು ಹುಬ್ಬಳ್ಳಿ ರಸ್ತೆಯದು. ಅಷ್ಟು ಗಾಡಿ ಓಡಾಡುವ ರಸ್ತೆಯನ್ನು ನಾಯಿ ಒಂದೇ ಉಸಿರಿಗೆ ದಾಟುವುದಿಲ್ಲ, ನಡುವೆ ನಿಂತು ಗಾಬರಿಯಾಗುತ್ತದೆ. ನಾಲ್ಕನೇ ದಿನ ಮುಂಜಾನೆ ಕೆಲಗೇರಿ ಕೆರೆ ದಂಡೆಯಲ್ಲಿ ಸಿಕ್ಕ. ಎಡಗಿವಿ ಹರಿದಿತ್ತು, ಹಿಂಗಾಲು ಊರುತ್ತಿರಲಿಲ್ಲ. ನನ್ನನ್ನು ನೋಡಿ ಕುಳಿತಲ್ಲೇ ಬಾಲ ಅಲ್ಲಾಡಿಸಿದ.

ಕಿವಿಯ ಗಾಯ ತೊಳೆದು ಅರಿಶಿನ ಹಚ್ಚಿದೆವು. ಅಷ್ಟೇ ಸಾಕು ಅಂದುಕೊಂಡದ್ದು ನನ್ನ ತಪ್ಪು. ಎರಡು ದಿನಕ್ಕೆ ಕೊಳೆತ ವಾಸನೆ ಬರತೊಡಗಿತು. ಕೂದಲು ಸರಿಸಿ ನೋಡಿದರೆ ಕಿವಿಯ ಬುಡದಲ್ಲಿ ಬೆರಳು ಹೋಗುವಷ್ಟು ತೂತು. ಅದರೊಳಗೆ ಅಕ್ಕಿ ಕಾಳಿನಂಥ ಬಿಳಿ ಹುಳ ಮಿಸುಕಾಡುತ್ತಿದ್ದವು. ಫಿನಾಯಿಲ್ ಹಾಕಿ ಅಂತ ಪಕ್ಕದವರು ಹೇಳಿದರು. ದಯವಿಟ್ಟು ಹಾಕಬೇಡಿ, ಅದು ಮಾಂಸವನ್ನೇ ಸುಡುತ್ತದೆ, ನೆಕ್ಕಿದರೆ ವಿಷ. ದನದ ದವಾಖಾನೆಗೆ ಕರೆದುಕೊಂಡು ಹೋದೆವು. ಡಾಕ್ಟರು ಕೂದಲು ಬೋಳಿಸಿ ಚಿಮಟದಿಂದ ಒಂದೊಂದೇ ಹುಳ ತೆಗೆದರು. ನಾನು ಎರಡೂ ಕೈಯಲ್ಲಿ ಅವನ ತಲೆ ಹಿಡಿದಿದ್ದೆ. ನಲವತ್ತರ ತನಕ ಎಣಿಸಿದೆ, ಆಮೇಲೆ ಎಣಿಸಲಿಲ್ಲ. ಅವನು ನನ್ನ ಮಣಿಕಟ್ಟನ್ನು ಬಾಯಲ್ಲಿ ಹಿಡಿದಿದ್ದ. ಅಷ್ಟು ನೋವಿದ್ದರೂ ಹಲ್ಲು ಊರಲಿಲ್ಲ.

ಬೇರೆ ನಾಯಿ ಕಚ್ಚಿದ್ದರಿಂದ ರೇಬಿಸ್ ಇಂಜೆಕ್ಷನ್ನನ್ನೂ ಇನ್ನೊಮ್ಮೆ ಹಾಕಿಸಬೇಕಾಯಿತು. ಗಾಯ ಪೂರ್ತಿ ಮಾಯಲು ಒಂದು ತಿಂಗಳು ಹಿಡಿಯಿತು.

ಇಷ್ಟಕ್ಕೇ ಮುಗಿದದ್ದು ನಮ್ಮ ಪುಣ್ಯ. ಹೀಗೆ ಹೊರಗೆ ಹೋದ ಗಂಡು ನಾಯಿಗಳಿಗೆ ಕೂಡುವಾಗ ಅಂಟುವ ಒಂದು ಗೆಡ್ಡೆ ರೋಗ ಇದೆ. ಬೀದಿನಾಯಿಗಳಲ್ಲಿ ಇದು ಬಹಳ. ಮೂತ್ರದ ಜಾಗದಿಂದ ತೊಟ್ಟು ತೊಟ್ಟು ರಕ್ತ ಬೀಳುತ್ತದೆ, ಹೂಕೋಸಿನಂಥ ಗೆಡ್ಡೆ ಬೆಳೆಯುತ್ತದೆ. ವಾರಕ್ಕೊಂದರಂತೆ ಕೆಲವು ವಾರ ವಿನ್‌ಕ್ರಿಸ್ಟೀನ್ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಗುಣವಾಗುತ್ತದೆ. ರಕ್ತ ಕಂಡರೆ "ಎಲ್ಲೋ ತರಚಿರಬೇಕು" ಅಂತ ಸುಮ್ನೆ ಕೂರಬೇಡಿ.

ವಯಸ್ಸಾದ ಮೇಲೆ ಆಪರೇಷನ್ ಆಗದ ಗಂಡುಗಳಿಗೆ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗುತ್ತದೆ. ಮಲ ಹಾಕಲು ತಿಣುಕುತ್ತವೆ, ಉಚ್ಚೆಯಲ್ಲಿ ರಕ್ತ ಬರುತ್ತದೆ. ಬೀಜದ ಗೆಡ್ಡೆಯೂ ಬರಬಹುದು. ಇನ್ನೊಂದು ವಿಷಯ ಆಪರೇಷನ್ ಆದ ಗಂಡಿಗೂ ಸೇರಿದ್ದು. ಗಂಡು ನಾಯಿಯ ಮೂತ್ರನಾಳ ಇಕ್ಕಟ್ಟಾದದ್ದು, ಒಂದು ಎಲುಬಿನ ಪಕ್ಕದಿಂದ ಹಾದು ಬರುತ್ತದೆ. ಮೂತ್ರಚೀಲದಲ್ಲಿ ಕಲ್ಲಾದರೆ ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ ನೀರಿನ ಬಟ್ಟಲು ಒಣಗಬಾರದು. ನಾಯಿ ಕಾಲೆತ್ತಿ ನಿಂತೇ ಇದೆ, ಹನಿಯೂ ಬರುತ್ತಿಲ್ಲ ಅಂದರೆ ನಾಳೆಗೆ ನೋಡೋಣ ಅನ್ನಬೇಡಿ. ಅದೇ ತಾಸಿನಲ್ಲಿ ದವಾಖಾನೆಗೆ ಹೊರಡಿ.

ಹೆಣ್ಣು: ಜನ ಹೆದರುವುದು ಯಾಕೆ, ಎಷ್ಟು ನಿಜ

ಹೆಣ್ಣು ನಾಯಿ ಸುಮಾರು ಆರು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ಮೊದಲ ಸಲ ಸಣ್ಣ ತಳಿಗಳಿಗೆ 6ರಿಂದ 12 ತಿಂಗಳಲ್ಲಿ, ದೊಡ್ಡ ತಳಿಗಳಿಗೆ ಇನ್ನೂ ತಡವಾಗಿ. ಒಂದು ಬೆದೆ ಸುಮಾರು ಮೂರು ವಾರ. ಮೊದಲ ವಾರ, ಹತ್ತು ದಿನ ರಕ್ತ ಬೀಳುತ್ತದೆ. ಆಮೇಲೆ ಗಂಡನ್ನು ಹತ್ತಿರ ಬಿಟ್ಟುಕೊಳ್ಳುವ ದಿನಗಳು. ಗರ್ಭ ಕಟ್ಟಿದರೆ ಸುಮಾರು 63 ದಿನಕ್ಕೆ ಮರಿ. ಆ ಮೂರು ವಾರ ಮನೆ ಮುಂದೆ ಗಂಡು ನಾಯಿಗಳ ಸಾಲು ನಿಲ್ಲುವುದು ನಿಜ. ಗೇಟಿನ ಸರಳಿನ ಸಂದಿಯಲ್ಲೇ ಕೂಡಿಬಿಡುವುದೂ ನಿಜ.

ಆಪರೇಷನ್ ಮಾಡಿಸದೆ ಬಿಟ್ಟ ಹೆಣ್ಣಿಗೆ ಇದಕ್ಕಿಂತ ದೊಡ್ಡ ಅಪಾಯ ಗರ್ಭಕೋಶದಲ್ಲಿ ಕೀವು ತುಂಬುವುದು. ಬೆದೆ ಮುಗಿದು ಕೆಲವು ವಾರಕ್ಕೆ ಬರುತ್ತದೆ. ನಾಯಿ ಕೊಡಗಟ್ಟಲೆ ನೀರು ಕುಡಿಯುತ್ತದೆ, ಊಟ ಬಿಡುತ್ತದೆ, ಮಂಕಾಗುತ್ತದೆ. ಕೆಲವಕ್ಕೆ ಹಿಂದಿನಿಂದ ಕೀವು ಸೋರುತ್ತದೆ, ಕೆಲವಕ್ಕೆ ಹೊರಗೆ ಏನೂ ಕಾಣುವುದಿಲ್ಲ. ತಡ ಮಾಡಿದರೆ ಜೀವ ಹೋಗುತ್ತದೆ. ಮೊಲೆಯ ಗೆಡ್ಡೆಯೂ ಆಪರೇಷನ್ ಆಗದ ಹೆಣ್ಣುಗಳಲ್ಲೇ ಹೆಚ್ಚು. ಚಿಕ್ಕ ವಯಸ್ಸಲ್ಲೇ ಆಪರೇಷನ್ ಮಾಡಿಸಿದರೆ ಕೀವಿನ ಭಯ ಇಲ್ಲವೆನ್ನುವಷ್ಟು ಕಡಿಮೆ, ಗೆಡ್ಡೆಯ ಭಯವೂ ಬಹಳ ತಗ್ಗುತ್ತದೆ. ಬೆದೆ, ರಕ್ತ, ಬಾಗಿಲ ಮುಂದಿನ ಸಾಲು, ಮರಿ, ಎಲ್ಲವೂ ಒಂದೇ ಸಲಕ್ಕೆ ಮುಗಿಯುತ್ತವೆ.

ಇಲ್ಲಿ ಗಂಡಿಗೆ ಒಂದು ಅನುಕೂಲ ನಿಜವಾಗಿ ಇದೆ, ಅದನ್ನು ಹೇಳಲೇಬೇಕು. ಹೆಣ್ಣಿಗೆ ಹೊಟ್ಟೆ ಕೊಯ್ದು ಮಾಡುವ ಆಪರೇಷನ್. ಗಂಡಿಗೆ ಹೊರಗೆ ಇರುವ ಬೀಜ ತೆಗೆಯುವುದು ಅಷ್ಟೇ. ಸಮಯ ಕಡಿಮೆ, ಖರ್ಚು ಕಡಿಮೆ, ಚೇತರಿಕೆ ಬೇಗ. ಕೈ ಬಿಗಿ ಇರುವ ಮನೆಯವರಿಗೆ ಇದು ಸಣ್ಣ ಮಾತಲ್ಲ.

ಆಪರೇಷನ್ ಆದ ಮೇಲೆ ಏನು ಬದಲಾಗುತ್ತದೆ

ಗಾಯ ಮಾಯ್ದ ಮೇಲೆ ಭೀಮನಿಗೆ ಆಪರೇಷನ್ ಮಾಡಿಸೋಣ ಅಂದೆ. ನಮ್ಮ ದೊಡ್ಡವ್ವ ಒಪ್ಪಲಿಲ್ಲ. "ಮೂಕ ಪ್ರಾಣಿಗೆ ಯಾಕ ಆ ಶಿಕ್ಷಾ? ಪಾಪ ಹತ್ತತೈತಿ" ಅಂದಳು. ಅವರ ಮನೆ ಮೈಲಾರಲಿಂಗನ ಒಕ್ಕಲು. ದೇವರಗುಡ್ಡದ ಜಾತ್ರೆಯಲ್ಲಿ ತಾವು ಆ ದೇವರ ನಾಯಿಗಳೆಂದು ನಂಬುವ ಗೊರವಪ್ಪಗಳು ನಾಯಿಯ ಹಾಗೆ ಬೊಗಳುತ್ತ ದೋಣಿ ಎನ್ನುವ ಪಾತ್ರೆಯಲ್ಲಿನ ಪ್ರಸಾದಕ್ಕೆ ಬಾಯಿ ಹಾಕುವುದನ್ನು ಕಂಡವರಿಗೆ ಆ ಭಕ್ತಿ ಎಷ್ಟು ಆಳದ್ದು ಅಂತ ಗೊತ್ತು. ನಾನು ವಾದ ಮಾಡಲಿಲ್ಲ. ಹರಿದ ಕಿವಿಯನ್ನು ತೋರಿಸಿದೆ. ದೊಡ್ಡವ್ವ ಅದನ್ನು ಸವರಿ ನೋಡಿ "ಹೋಗಿ ಬಾ" ಅಂದಳು.

ಹಿಂದಿನ ರಾತ್ರಿಯಿಂದ ಊಟ ಕೊಡಬಾರದು. ಅರಿವಳಿಕೆ ಕೊಟ್ಟಾಗ ವಾಂತಿಯಾದರೆ ಅಪಾಯ. ಸಂಜೆಗೆ ಮನೆಗೆ ಬಂದ, ಮರುದಿನ ಎದ್ದು ಓಡಾಡಿದ. ಹತ್ತು ಹದಿನಾಲ್ಕು ದಿನ ಹೊಲಿಗೆ ನೆಕ್ಕದ ಹಾಗೆ ಕೊರಳಿಗೆ ಕೋನ್ ಹಾಕಬೇಕು, ಜಿಗಿಯಲು ಬಿಡಬಾರದು, ಸ್ನಾನ ಬೇಡ. ಆಪರೇಷನ್ ಆದ ದಿನದಿಂದಲೇ ಸ್ವಭಾವ ಬದಲಾಗುವುದಿಲ್ಲ. ದೇಹದಲ್ಲಿ ಉಳಿದ ಹಾರ್ಮೋನು ಇಳಿಯಲು ವಾರಗಳು ಬೇಕು. ಮೊದಲ ಒಂದು ತಿಂಗಳು ಮರಿ ಹುಟ್ಟಿಸುವ ಶಕ್ತಿ ಉಳಿದಿರಬಹುದು, ಅದಕ್ಕೆ ಆಗಲೂ ಹೊರಗೆ ಬಿಡಬಾರದು.

ನಮ್ಮ ಮನೆಯಲ್ಲಿ ಆದದ್ದು ಹೀಗೆ. ಎರಡು ತಿಂಗಳಲ್ಲಿ ಗೇಟು ಕೆದರುವುದು ನಿಂತಿತು. ಮುಂದಿನ ದೀಪಾವಳಿಗೆ ಅದೇ ಓಣಿಯಲ್ಲಿ ನಾಯಿಗಳ ಗದ್ದಲ ಇದ್ದರೂ ಭೀಮ ಹಾಸಿಗೆ ಬಿಟ್ಟು ಏಳಲಿಲ್ಲ. ಗುರುತು ಹಾಕುವುದು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಎರಡು ವರ್ಷ ಕಾದಿದ್ದಕ್ಕೆ ಅದು ಚಟವಾಗಿಬಿಟ್ಟಿತ್ತು. ಬೊಗಳುವುದು, ಅಪರಿಚಿತರನ್ನು ಗೇಟಿನಲ್ಲೇ ತಡೆಯುವುದು ಎಳ್ಳಷ್ಟೂ ಬದಲಾಗಲಿಲ್ಲ. "ಆಪರೇಷನ್ ಮಾಡಿಸಿದರೆ ಕಾವಲು ಕಾಯುವುದಿಲ್ಲ" ಅಂತ ಎಷ್ಟೋ ಜನ ಹೇಳುತ್ತಾರೆ. ನಮ್ಮ ಹಾಲಿನವರನ್ನು ಕೇಳಿ ನೋಡಿ. ಮೈ ಮಾತ್ರ ಬೇಗ ಬರುತ್ತದೆ. ತಟ್ಟೆಯಲ್ಲಿ ಕಾಲು ಭಾಗದಷ್ಟು ಕಡಿಮೆ ಮಾಡಬೇಕು, ಅಡ್ಡಾಡಿಸುವುದನ್ನು ಬಿಡಬಾರದು.

ಯಾವಾಗ ಮಾಡಿಸಬೇಕು? ಊರ ನಾಯಿ, ಪೊಮೇರಿಯನ್‌ನಂಥ ಸಣ್ಣ, ಮಧ್ಯಮ ಗಾತ್ರದ ಗಂಡುಗಳಿಗೆ ಆರರಿಂದ ಒಂಬತ್ತು ತಿಂಗಳು ಸರಿಯಾದ ಹೊತ್ತು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡವಕ್ಕೆ ಎಲುಬು, ಕೀಲು ಬಲಿಯಲು ಒಂದು ಒಂದೂವರೆ ವರ್ಷ ಕಾಯುವುದು ಒಳ್ಳೆಯದು. ನಿಮ್ಮ ಡಾಕ್ಟರು ನಾಯಿಯನ್ನು ಮುಟ್ಟಿ ನೋಡಿ ಹೇಳುತ್ತಾರೆ. ಗದಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಆ ಕಡೆಯವರಿಗೆ ಅನುಕೂಲ. ಸಾಕುನಾಯಿಯ ಲಸಿಕೆ, ಜಂತುಹುಳದ ಔಷಧ, ಸಂತಾನಹರಣ ಇವೆಲ್ಲ ಸಾಕಿದವರದೇ ಹೊಣೆ ಅಂತ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಕೂಡ ಹೇಳುತ್ತವೆ.

ಸ್ವಭಾವದ ಮಾತು

ಗಂಡು ಜಾಸ್ತಿ ನಿಯತ್ತಿನದು, ಹೆಣ್ಣು ಜಾಸ್ತಿ ಪ್ರೀತಿಯದು, ಇಲ್ಲ ಇದರ ಉಲ್ಟಾ. ಎರಡನ್ನೂ ಕೇಳಿದ್ದೇನೆ. ನನ್ನ ಅನುಭವದಲ್ಲಿ ಒಂದೇ ತಾಯಿಯ ಇಬ್ಬರು ಗಂಡು ಮರಿಗಳ ನಡುವಿನ ಅಂತರವೇ ಇದಕ್ಕಿಂತ ದೊಡ್ಡದು. ಮರಿ ಮೊದಲ ಮೂರು ನಾಲ್ಕು ತಿಂಗಳಲ್ಲಿ ಎಷ್ಟು ಜನರನ್ನು, ಎಷ್ಟು ಸದ್ದನ್ನು ಕಂಡಿದೆ ಎನ್ನುವುದು ಗಂಡು ಹೆಣ್ಣಿಗಿಂತ ಮುಖ್ಯ. ಗಾತ್ರದಲ್ಲಿ ಮಾತ್ರ ಅಂತರ ಖಚಿತ. ಗಂಡು ಲ್ಯಾಬ್ರಡಾರ್ ಸುಮಾರು 29ರಿಂದ 36 ಕೆಜಿ, ಹೆಣ್ಣು 25ರಿಂದ 32. ಅಡ್ಡಾಡಿಸುವವರು ಮನೆಯ ಅಜ್ಜನೋ ಹತ್ತು ವರ್ಷದ ಮಗನೋ ಆಗಿದ್ದರೆ ಆ ನಾಲ್ಕು ಕೆಜಿ ದೊಡ್ಡ ಮಾತು. ಎದುರಿಗೆ ಇನ್ನೊಂದು ಗಂಡು ನಾಯಿ ಬಂದಾಗ ಬೆಲ್ಟು ಎಳೆಯುವ ಜೋರಿಗೆ ಕೈ ತಪ್ಪುತ್ತದೆ.

ಮನೆಯಲ್ಲಿ ಈಗಾಗಲೇ ಒಂದು ಗಂಡು ನಾಯಿ ಇದ್ದರೆ ಎರಡನೆಯದು ಹೆಣ್ಣಿರಲಿ. ಎರಡು ಗಂಡು ಒಂದೂವರೆ ವರ್ಷದ ತನಕ ಗೆಳೆಯರ ಹಾಗೆ ಇದ್ದು, ಆಮೇಲೆ ಒಂದು ರೊಟ್ಟಿ ತುಂಡಿಗೆ ರಕ್ತ ಹರಿಸಿದ್ದನ್ನು ನೋಡಿದ್ದೇನೆ. ಗಂಡು ಹೆಣ್ಣು ಜೊತೆಗಿರುವುದಾದರೆ ಎರಡಕ್ಕೂ ಆಪರೇಷನ್ ಆಗಿರಬೇಕು, ಅದನ್ನು ಬೇರೆ ಹೇಳಬೇಕಿಲ್ಲ.

ನಿಮ್ಮ ಮನೆ ಎಂಥದು

ನನ್ನನ್ನು ಕೇಳಿದವರಿಗೆ ನಾನು ಮೊದಲು ಕೇಳುವುದು ಗೇಟಿನ ಬಗ್ಗೆ. ಚಿಲಕ ಇದೆಯಾ? ಎಷ್ಟು ಜನ ತೆರೆಯುತ್ತಾರೆ? ಕೆಳಗೆ ಎಷ್ಟು ಸಂದಿ ಇದೆ? ಬಾಡಿಗೆಯವರು, ಟ್ಯೂಷನ್ ಮಕ್ಕಳು, ಕೆಲಸದವರು ಹಾದು ಹೋಗುವ ಮನೆಯಲ್ಲಿ ಆಪರೇಷನ್ ಆಗದ ಗಂಡು ನಾಯಿ ನಿಲ್ಲುವುದಿಲ್ಲ. ಇವತ್ತಲ್ಲ ನಾಳೆ ಹೋಗುತ್ತದೆ. ಅಂಥ ಮನೆಗೆ ಆಪರೇಷನ್ ಮಾಡಿಸಿದ ಹೆಣ್ಣೇ ನನ್ನ ಮೊದಲ ಸಲಹೆ, ಆಪರೇಷನ್ ಮಾಡಿಸಿದ ಗಂಡು ಎರಡನೆಯದು.

ಹುಬ್ಬಳ್ಳಿಯ ಗೋಕುಲ ರಸ್ತೆ, ಕೇಶ್ವಾಪುರದ ಕಡೆ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಲಿಫ್ಟು, ಪಾರ್ಕಿಂಗ್ ಕಂಬ ದೊಡ್ಡ ಸಮಸ್ಯೆ. ಗಂಡು ನಾಯಿ ಕೆಳಗೆ ಇಳಿಯುವ ಮುಂಚೆ ಪಕ್ಕದವರ ಬಾಗಿಲ ಚಪ್ಪಲಿ ಸ್ಟ್ಯಾಂಡಿಗೆ ಕಾಲೆತ್ತಿದರೆ ಸಂಬಂಧ ಕೆಡುತ್ತದೆ. ಅಪಾರ್ಟ್‌ಮೆಂಟ್ ಸಂಘದವರು ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಹೇಳಿದೆ. ಆದರೂ ದಿನಾ ಮುಖ ನೋಡಬೇಕಾದವರು ಅವರೇ. ಇಲ್ಲಿ ಗಂಡು ಬೇಕು ಅನ್ನುವವರು ಕಾಲೆತ್ತುವ ಚಟ ಗಟ್ಟಿಯಾಗುವ ಮೊದಲೇ ಆಪರೇಷನ್ ಮಾಡಿಸಿ, ದಿನಕ್ಕೆ ಮೂರು ಸಲ ಹೊರಗೆ ಕರೆದುಕೊಂಡು ಹೋಗಬೇಕು.

ಅಣ್ಣಿಗೇರಿ, ನವಲಗುಂದದ ಹೊಲದ ಮನೆಗೆ, ಬ್ಯಾಡಗಿ ಕಡೆಯ ಮೆಣಸಿನಕಾಯಿ ಕಣಕ್ಕೆ ಗಂಡೇ ಬೇಕು ಅನ್ನುತ್ತಾರೆ. ಕಾವಲಿಗೆ ದೊಡ್ಡ ಮೈ, ದಪ್ಪ ದನಿ ಉಪಯೋಗಕ್ಕೆ ಬರುತ್ತದೆ, ಒಪ್ಪುತ್ತೇನೆ. ಆದರೆ ಸುತ್ತ ಬೇಲಿ ಇಲ್ಲದ ಹೊಲದಲ್ಲಿ ಆಪರೇಷನ್ ಆಗದ ಗಂಡು ಕಾವಲು ಬಿಟ್ಟು ಹೋಗುವುದು ಸರಿಯಾಗಿ ಸುಗ್ಗಿ ಹತ್ತಿರವಾದಾಗಲೇ. ಕುರಿಗಾರರನ್ನು ನೋಡಿ, ಅವರ ಹಿಂಡಿನ ಜೊತೆ ಹೆಣ್ಣು ನಾಯಿಗಳೂ ಇರುತ್ತವೆ, ರಾತ್ರಿ ಹಟ್ಟಿಯ ಹತ್ತಿರ ಯಾರನ್ನೂ ಬಿಡುವುದಿಲ್ಲ.

ಗಂಡೇ ಬೇಕು ಅಂತಾದರೆ ಯಾವ ತಳಿ

ನಮ್ಮ ಕಡೆ ಮುಧೋಳದ ಹೆಸರು ಮೊದಲು ಬರುತ್ತದೆ. ಹುಬ್ಬಳ್ಳಿಯಿಂದ ಸುಮಾರು ಮೂರು ತಾಸಿನ ದಾರಿ. ಅಲ್ಲೇ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. 2005ರಲ್ಲಿ ಈ ತಳಿಯ ಅಂಚೆಚೀಟಿ ಬಂತು, ಆಮೇಲೆ ಸೈನ್ಯವೂ ತರಬೇತಿಗೆ ತೆಗೆದುಕೊಂಡಿತು. ಗಂಡು ಮುಧೋಳ ಭುಜದ ತನಕ ಸುಮಾರು 70 ಸೆಂಟಿಮೀಟರ್ ಎತ್ತರ. ಇದು ಕಣ್ಣಿಂದ ಬೇಟೆ ಹಿಡಿಯುವ ನಾಯಿ. ದೂರದಲ್ಲಿ ಬೆಕ್ಕು, ಮೊಲ, ಮೇಕೆ ಓಡಿದರೆ ಕಿವಿ ಕೇಳಿಸುವುದಿಲ್ಲ. ಅದಕ್ಕೆ ಆಪರೇಷನ್ ಆಗದ ಗಂಡಿನ ಅಲೆಯುವ ಚಟವೂ ಸೇರಿದರೆ ನಾಲ್ಕಡಿ ಕಾಂಪೌಂಡು ಏನೂ ಅಲ್ಲ. ದಿನಾ ಬಿಟ್ಟು ಓಡಿಸಲು ಬೇಲಿ ಇರುವ ಬಯಲು ಇದ್ದವರು ಮಾತ್ರ ತನ್ನಿ. ಪಕ್ಕೆಲುಬು ಕಾಣುತ್ತದೆ ಅಂತ ತಿನ್ನಿಸಿ ದಪ್ಪ ಮಾಡಬೇಡಿ, ಅದರ ಮೈಕಟ್ಟೇ ಹಾಗೆ.

ಮೊದಲ ಸಲ ನಾಯಿ ಸಾಕುವವರಿಗೆ ನನ್ನ ಆಯ್ಕೆ ಊರ ನಾಯಿಯೇ. ನಮ್ಮ ಬಿಸಿಲು, ಮಳೆ ಎರಡಕ್ಕೂ ಹೊಂದಿದ ಮೈ. ಸಣ್ಣ ಕೂದಲು, ಉಣ್ಣಿ ಬೇಗ ಕಣ್ಣಿಗೆ ಬೀಳುತ್ತದೆ. ಗಂಡು ಊರ ನಾಯಿಗೆ ತನ್ನ ಜಾಗದ ಹಟ ಜಾಸ್ತಿ, ಅದೊಂದನ್ನು ನೆನಪಿಡಿ.

ಲ್ಯಾಬ್ರಡಾರ್ ಗಂಡು ಮಕ್ಕಳಿರುವ ಮನೆಗೆ ಸರಿ. ತಿನ್ನುವ ಆಸೆಗೆ ಕೊನೆಯಿಲ್ಲ, ಪೇಡೆ ಪೆಟ್ಟಿಗೆ ಎತ್ತರದಲ್ಲಿಡಿ. ಜರ್ಮನ್ ಶೆಫರ್ಡ್ ಗಂಡಿಗೆ ದಿನಾ ಕಲಿಸಲು, ಓಡಿಸಲು ಒಬ್ಬರು ಬೇಕು, ಸುಮ್ನೆ ಸರಪಳಿಗೆ ಕಟ್ಟಿಟ್ಟರೆ ಕೆಡುತ್ತದೆ. ಪೊಮೇರಿಯನ್ ಗಂಡು ಸಣ್ಣದು, ಆದರೆ ಕಾಲೆತ್ತುವುದರಲ್ಲಿ ದೊಡ್ಡ ನಾಯಿಗೆ ಕಡಿಮೆಯಿಲ್ಲ. ರಾಟ್‌ವೀಲರ್, ಪಿಟ್‌ಬುಲ್ ಮುಂತಾದ 23 ತಳಿಗಳನ್ನು ತಡೆಯುವ ಕೇಂದ್ರದ ಸುತ್ತೋಲೆ 2024ರ ಮಾರ್ಚಿನಲ್ಲಿ ಬಂದಿತ್ತು, ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕಾನೂನು ಬಿಟ್ಟರೂ ಇವುಗಳ ಗಂಡು ಮರಿಯನ್ನು ಮೊದಲ ನಾಯಿಯಾಗಿ ತರಬೇಡಿ ಅಂತ ಕೈ ಮುಗಿದು ಹೇಳುತ್ತೇನೆ. ಹಸ್ಕಿ, ಸೇಂಟ್ ಬರ್ನಾರ್ಡ್ ನಮ್ಮ ಬೇಸಿಗೆಯಲ್ಲಿ ನರಳುವುದನ್ನು ನೋಡಲಾಗುವುದಿಲ್ಲ.

ಗಂಡು ಮರಿ ಆರಿಸುವಾಗ

ಎಂಟು ವಾರಕ್ಕಿಂತ ಮುಂಚೆ ತಾಯಿಯಿಂದ ಬಿಡಿಸಬೇಡಿ. ನಾನು ಭೀಮನನ್ನು ನಲವತ್ತೈದು ದಿನಕ್ಕೇ ತಂದೆ. ಕಚ್ಚುವ ಜೋರು ಎಷ್ಟಿರಬೇಕು ಅಂತ ಮರಿಗೆ ಕಲಿಸುವವರು ತಾಯಿ, ಅಣ್ಣತಮ್ಮಂದಿರು. ಆ ಪಾಠ ನಮ್ಮ ಕೈ ಮೇಲೆ ಕಲಿತ.

ಗಂಡು ಮರಿಯಲ್ಲಿ ತಪ್ಪದೆ ನೋಡಬೇಕಾದದ್ದು ಬೀಜ. ಎರಡು ತಿಂಗಳ ಹೊತ್ತಿಗೆ ಎರಡೂ ಚೀಲಕ್ಕೆ ಇಳಿದಿರಬೇಕು. ಸಣ್ಣ ಬಟಾಣಿಯಷ್ಟು ಕೈಗೆ ಸಿಗುತ್ತವೆ. ಒಂದೇ ಇದ್ದರೆ ಕೆಲವು ತಿಂಗಳು ಕಾದು ನೋಡಬಹುದು. ಆರು ತಿಂಗಳಾದರೂ ಇಳಿಯದಿದ್ದರೆ ಅದು ಹೊಟ್ಟೆಯಲ್ಲೋ ತೊಡೆಸಂದಿಯಲ್ಲೋ ಉಳಿದಿದೆ ಅಂತ ಅರ್ಥ. ಅಲ್ಲೇ ಬಿಟ್ಟರೆ ಮುಂದೆ ಗೆಡ್ಡೆಯಾಗುವ ಸಂಭವ ಜಾಸ್ತಿ, ಹುಡುಕಿ ತೆಗೆಯುವ ಆಪರೇಷನ್ ಹೆಣ್ಣಿನದರಷ್ಟೇ ದೊಡ್ಡದಾಗಬಹುದು. ಮಾರುವವರು ಇದನ್ನು ಹೇಳುವುದಿಲ್ಲ. ಹೊಕ್ಕುಳ ಉಬ್ಬಿದೆಯಾ ಅಂತಲೂ ಮುಟ್ಟಿ ನೋಡಿ. ವಸಡು ಗುಲಾಬಿ ಬಣ್ಣ ಇರಬೇಕು, ಬಿಳಿಚಿದ್ದರೆ ಜಂತುಹುಳ ಅಥವಾ ಉಣ್ಣಿ ರಕ್ತ ಹೀರಿರಬಹುದು.

ಆರರಿಂದ ಎಂಟನೇ ವಾರಕ್ಕೆ ಪಾರ್ವೊ, ಡಿಸ್ಟೆಂಪರ್ ಲಸಿಕೆ ಶುರು. ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ. ಮೂರು ತಿಂಗಳಿಗೆ ರೇಬಿಸ್, ಆಮೇಲೆ ವರ್ಷ ವರ್ಷ. ಲಸಿಕೆ ಪೂರ್ತಿ ಆಗುವ ತನಕ ಬೀದಿಯಲ್ಲಿ, ಬೇರೆ ನಾಯಿ ಮೂಸಿದ ಕಂಬದ ಹತ್ತಿರ ಬಿಡಬೇಡಿ. ಗಂಡು ಮರಿಗೆ ಕಂಬ ಮೂಸುವ ಆಸೆ ಬೇಗ ಶುರುವಾಗುತ್ತದೆ.

ಮರಿಯ ಬದಲು ದೊಡ್ಡ ಗಂಡು ನಾಯಿಯನ್ನೇ ದತ್ತು ತರುವುದೂ ಒಳ್ಳೆಯ ದಾರಿ. ಗಾತ್ರ, ಸ್ವಭಾವ, ಆಪರೇಷನ್ ಆಗಿದೆಯೋ ಇಲ್ಲವೋ, ಎಲ್ಲ ಕಣ್ಣೆದುರೇ ಇರುತ್ತದೆ. ಕಿವಿಯ ತುದಿಯಲ್ಲಿ ಸಣ್ಣ ಕಚ್ಚು ಇದ್ದರೆ ಬೀದಿಯಲ್ಲಿದ್ದಾಗ ಆಪರೇಷನ್ ಮಾಡಿಸಿ ಬಿಟ್ಟ ನಾಯಿ ಅಂತ ಗುರುತು.

ಆ ನಾಲ್ಕು ಹೆಣ್ಣು ಮರಿಗಳಲ್ಲಿ ಎರಡು ಅಣ್ಣಿಗೇರಿಯ ಒಂದು ಹೊಲದ ಮನೆಗೆ ಹೋದವು. ಒಂದನ್ನು ಮರಿ ಹುಟ್ಟಿದ ಮನೆಯವರೇ ಇಟ್ಟುಕೊಂಡರು. ಕೊನೆಯದನ್ನು ನೋಡಲು ಹಾವೇರಿಯಿಂದ ಗಂಡ ಹೆಂಡತಿ ಬಂದರು, ಇಬ್ಬರೂ ಮಾಸ್ತರು. "ಗಂಡ ಮರಿ ಉಳದಿಲ್ಲೇನ್ರಿ ಸರ?" ಅಂತ ಕೇಳಿದರು. ನಾನು ಅವರ ಗೇಟಿನ ಬಗ್ಗೆ ಕೇಳಿದೆ. ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಗೆ ಹತ್ತಿರದ ಮನೆ, ಸಂಜೆ ಟ್ಯೂಷನ್, ಇಪ್ಪತ್ತು ಮಕ್ಕಳು, ಗೇಟಿಗೆ ಚಿಲಕ ಮುರಿದು ವರ್ಷವಾಗಿದೆ ಅಂದರು. ಭೀಮನನ್ನು ಕರೆದು ಕಿವಿ ತೋರಿಸಿದೆ. ಅಕ್ಕಾವರು ತುಂಬಾ ಹೊತ್ತು ಆ ಹರಿದ ತುದಿಯನ್ನು ಬೆರಳಲ್ಲಿ ಹಿಡಿದುಕೊಂಡಿದ್ದರು. ಆಮೇಲೆ ಹೆಣ್ಣು ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದರು.

ಹೋದ ತಿಂಗಳು ಫೋಟೋ ಕಳಿಸಿದ್ದಾರೆ. ಏಳು ತಿಂಗಳಿಗೆ ಆಪರೇಷನ್ ಆಗಿದೆ, ಹೊಲಿಗೆ ಬಿಚ್ಚಿಸಿಕೊಂಡು ಬಂದ ದಿನದ್ದು. ಕೋನ್ ಹಾಕಿಸಿಕೊಳ್ಳಲಿಲ್ಲವಂತೆ, ಮಾಸ್ತರರ ಹಳೆ ಬನಿಯನ್ನು ಹೊಟ್ಟೆಗೆ ತೊಡಿಸಿ ಬೆನ್ನ ಮೇಲೆ ಗಂಟು ಹಾಕಿದ್ದಾರೆ. ಹಿಂದೆ ಗೇಟು ಕಾಣುತ್ತದೆ, ಹೊಸ ಚಿಲಕ ಹಾಕಿಸಿದ್ದಾರೆ.